ಕೊರಳಪಟ್ಟಿ ಮತ್ತು ಎದೆಪಟ್ಟಿ

ಕಾಳೀ ನದಿಯು ಅರಬ್ಬೀ ಸಮುದ್ರವನ್ನು ಸೇರುವಲ್ಲಿ, ಅದರ ದಕ್ಷಿಣ ದಡದ ಮೇಲೆ, ಕಾರವಾರದ ಕೋಡಿಬಾಗವಿದೆ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು. ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿ. ಇಂಥ ಊರಿನಲ್ಲಿ ಸಾಕುನಾಯಿಯನ್ನು ಅಡ್ಡಾಡಿಸಲು ಕರೆದೊಯ್ಯುವವರು ಅದರ ಕೊರಳನ್ನು ಕುರಿತು ತುಸು ಯೋಚಿಸಬೇಕು. ಲಾರಿಯ ಹಾರ್ನಿಗೋ ಬೀದಿನಾಯಿಗಳ ಗುಂಪಿಗೋ ಬೆದರಿದ ನಾಯಿ ಯಾವಾಗಲೂ ಮುಂದಕ್ಕೇ ನೆಗೆಯುವುದಿಲ್ಲ. ಎಷ್ಟೋ ಸಲ ತಲೆ ತಗ್ಗಿಸಿ ಹಿಂದಕ್ಕೆ ಜಗ್ಗುತ್ತದೆ. ಕೊರಳಪಟ್ಟಿ ಸಡಿಲವಾಗಿದ್ದರೆ ಕಿವಿಗಳ ಮೇಲಿಂದ ಜಾರಿ ಕಳಚಿಕೊಳ್ಳುತ್ತದೆ. ಆಗ ಹಗ್ಗವೂ ಪಟ್ಟಿಯೂ ಒಡೆಯನ ಕೈಯಲ್ಲಿ, ನಾಯಿ ಹೆದ್ದಾರಿಯ ನಡುವೆ! ನಮ್ಮ ಮುಧೋಳದ ನಾಯಿಯಂತೆ ತಲೆ ಕಿರಿದಾಗಿರುವ ತಳಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಸಾವಿರ ವರ್ಷಗಳ ಹಿಂದಿನ ಬೇಟೆನಾಯಿಗೆ ಈ ತೊಡಕಿರಲಿಲ್ಲ. ಕ್ರಿ.ಶ. 949–50ರ ಆತಕೂರಿನ ಶಾಸನದಲ್ಲಿ ಅಂಥ ಒಂದು ನಾಯಿಯ ಕಥೆಯಿದೆ. ಅದರ ಹೆಸರೂ ಕಾಳಿಯೇ. ವೀರನಾದ ಮಣಲೇರನು ಬಹುಮಾನವಾಗಿ ಬೇಡಿ ಪಡೆದ ಆ ನಾಯಿಯನ್ನು ಹಂದಿಯ ಮೇಲೆ ಬಿಡಲಾಯಿತು. ಎರಡೂ ಹೋರಾಡಿ ಸತ್ತವು. ಬಿಟ್ಟೊಡನೆ ಓಡುವುದು ಅದರ ಕೆಲಸ. ಇಂದಿನ ಸಾಕುನಾಯಿ ಮನುಷ್ಯನ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಬೇಕು. ಅದರ ಹುಟ್ಟುಗುಣಕ್ಕೆ ಇದು ಸುಲಭವಲ್ಲ. ಆದುದರಿಂದಲೇ ಅದು ಜಗ್ಗುತ್ತದೆ.

ಜಗ್ಗಿದಾಗ ಪೆಟ್ಟು ಬೀಳುವುದು ಎಲ್ಲಿಗೆ? ಕೊರಳಿನಲ್ಲಿ ಧ್ವನಿಪೆಟ್ಟಿಗೆ, ಶ್ವಾಸನಾಳ, ಥೈರಾಯ್ಡ್ ಗ್ರಂಥಿ, ದೊಡ್ಡ ರಕ್ತನಾಳಗಳು ಒತ್ತೊತ್ತಾಗಿವೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 26 ನಾಯಿಗಳನ್ನು ಪರೀಕ್ಷಿಸಲಾಯಿತು. ಕೊರಳಪಟ್ಟಿ ಬಿಗಿದಾಗ ಕಣ್ಣಿನೊಳಗಿನ ಒತ್ತಡ ಏರಿತು. ಎದೆಪಟ್ಟಿಯಿಂದ ಎಳೆದಾಗ ಏರಲಿಲ್ಲ. ಬಗೆಬಗೆಯ ಪಟ್ಟಿಗಳನ್ನು ಕೃತಕ ಕೊರಳಿಗೆ ತೊಡಿಸಿ ಎಳೆದು ನೋಡಿದ 2020ರ ಪ್ರಯೋಗದಲ್ಲಿ, ಜಗ್ಗುವ ನಾಯಿಗೆ ನಿರಪಾಯವೆನ್ನಬಹುದಾದ ಪಟ್ಟಿ ಒಂದೂ ಸಿಗಲಿಲ್ಲ. ಪೊಮೆರೇನಿಯನ್‌ನಂಥ ಪುಟ್ಟ ನಾಯಿಗಳ ಶ್ವಾಸನಾಳ ಕುಸಿಯುವ ಸಂಭವವುಂಟು. ಪಗ್‌ನಂಥ ಮೊಂಡುಮೂತಿಯವು ಮೊದಲೇ ಕಷ್ಟದಿಂದ ಉಸಿರಾಡುವಂಥವು. ಇವಕ್ಕೆ ಎದೆಪಟ್ಟಿಯೇ ತಕ್ಕದ್ದು.

ನಮ್ಮ ರೈತರಿಗೆ ಇದು ಹೊಸ ಮಾತಲ್ಲ. ಎತ್ತು ನೊಗದ ಭಾರವನ್ನು ಹೊರುವುದು ಹೆಗಲಿನಿಂದ. ಕೊರಳ ಕೆಳಗಿನ ಹಗ್ಗ ನೊಗ ಜಾರದಂತೆ ತಡೆಯುವುದಕ್ಕಷ್ಟೆ.

ಅಂಗಡಿಯಲ್ಲಿ ‘ಬೆಲ್ಟು’ ಎಂದರೆ ಸಾಮಾನ್ಯವಾಗಿ ಕೊರಳಪಟ್ಟಿಯನ್ನೇ ಕೊಡುತ್ತಾರೆ. ಎದೆಪಟ್ಟಿ ಬೇಕಾದರೆ ‘ಹಾರ್ನೆಸ್’ ಎಂದು ಕೇಳಬೇಕು. ಆದರೆ ಎದೆಪಟ್ಟಿಯೂ ದೋಷರಹಿತವಲ್ಲ. ಹಿಮಪ್ರದೇಶಗಳಲ್ಲಿ ಜಾರುಬಂಡಿ ಎಳೆಯುವ ನಾಯಿಗಳಿಗೆ ತೊಡಿಸುವುದೂ ಎದೆಪಟ್ಟಿಯನ್ನೇ! ಹಗ್ಗವನ್ನು ಬೆನ್ನಿಗೆ ಕಟ್ಟಿದರೆ ಬಲಿಷ್ಠ ನಾಯಿ ನೋವಿಲ್ಲದೆ ಇನ್ನಷ್ಟು ಜಗ್ಗೀತು. ಅಂಥದಕ್ಕೆ ಎದೆಯ ಮುಂದೆ ಬಳೆಯಿರುವ ಪಟ್ಟಿ ಮೇಲು. ಜಗ್ಗಿದೊಡನೆ ನಾಯಿಯ ಮೈ ಪಕ್ಕಕ್ಕೆ ತಿರುಗುತ್ತದೆ. ಭುಜಕ್ಕೆ ಅಡ್ಡಲಾಗಿ ಹಾಯುವ ಪಟ್ಟಿ ಮುಂಗಾಲಿನ ಚಾಚನ್ನು ತಡೆಯುವುದರಿಂದ, ಎದೆಯ ನಡುವೆ ಕೆಳಗಿಳಿದು ಮುಂಗಾಲುಗಳ ನಡುವೆ ಸಾಗುವ ಪಟ್ಟಿಯನ್ನು ಆರಿಸಬೇಕು. ಪಟ್ಟಿಗೂ ಮೈಗೂ ನಡುವೆ ಎರಡು ಬೆರಳು ಹಿಡಿಸಿದರೆ ಸಾಕು. ಹೆಚ್ಚು ಸಡಿಲವಾದರೆ ನಾಯಿ ಇದರಿಂದಲೂ ಹಿಂದಕ್ಕೆ ನುಸುಳುತ್ತದೆ.

ಹಾಗೆಂದು ಕೊರಳಪಟ್ಟಿಯನ್ನು ಎಸೆಯಬೇಕಾಗಿಲ್ಲ. ರೇಬೀಸ್ ಲಸಿಕೆಯ ಬಿಲ್ಲೆ, ಒಡೆಯನ ದೂರವಾಣಿ ಸಂಖ್ಯೆ ಇವುಗಳಿಗೆ ಅದೇ ಸ್ಥಾನ. ಜಗ್ಗದೆ ನಡೆಯಲು ಕಲಿತ ನಾಯಿಗೆ ಅಗಲವಾದ ಕೊರಳಪಟ್ಟಿಯೂ ನಡೆದೀತು. ಕಲಿಸುವ ಬಗೆ ಸರಳ: ಜಗ್ಗಿದಾಗ ನಿಲ್ಲುವುದು, ಹಗ್ಗ ಸಡಿಲಿದಾಗ ಮುಂದೆ ನಡೆಯುವುದು. ಉರುಳಿನಂತೆ ಬಿಗಿಯುವ ಸರಪಳಿ ಮಾತ್ರ ಯಾವ ಮನೆಯಲ್ಲಿಯೂ ಇರತಕ್ಕದ್ದಲ್ಲ.

ಕಡಲತಡಿಯವರಿಗೆ ಇನ್ನೊಂದು ಕೆಲಸವುಂಟು. ಉಪ್ಪುನೀರು ತಾಗಿದ ಎದೆಪಟ್ಟಿಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಇಲ್ಲವಾದರೆ ಒದ್ದೆಪಟ್ಟಿಯೂ ಮರಳೂ ಸೇರಿ ಮುಂಗಾಲ ಸಂದಿಯ ಚರ್ಮವನ್ನು ಉಜ್ಜಿ ಹುಣ್ಣುಮಾಡುತ್ತವೆ. ಉಪ್ಪುಗಾಳಿಗೆ ಕಬ್ಬಿಣದ ಕೊಂಡಿ ಬೇಗ ತುಕ್ಕು ಹಿಡಿಯುತ್ತದೆ. ಹೆದ್ದಾರಿಯ ಅಂಚಿಗೆ ಹೋಗುವ ಮೊದಲೇ, ಮನೆಯಂಗಳದಲ್ಲಿ, ಅದನ್ನು ಒಮ್ಮೆ ಬಲವಾಗಿ ಎಳೆದು ನೋಡಬೇಕು.