ಎರಡೂ ಕಡೆ ಮಿಣಮಿಣ, ಎತ್ತ ಹೋಗ್ತೀಯಣ್ಣ?

ಇಂಜಿನಿಯರಿಂಗ್ ಓದುವ ಹುಡುಗ ರಜೆಗೆ ಊರಿಗೆ ಬಂದರೆ ಮನೆಯಲ್ಲಿ ಕೆಟ್ಟು ಕೂತ ಸಾಮಾನುಗಳೆಲ್ಲ ಅವನಿಗಾಗಿಯೇ ಕಾಯುತ್ತಿರುತ್ತವೆ. ಮಿಕ್ಸಿ, ಫ್ಯಾನು, ಅಜ್ಜಿಯ ರೇಡಿಯೊ, ಪಕ್ಕದ ಮನೆಯವರ ಮೊಬೈಲ್ ಚಾರ್ಜರ್... ಎಲ್ಲದಕ್ಕೂ ಒಂದೇ ಮಾತು: ‘ನಮ್ ಹುಡುಗ ಬಿ.ಇ. ಓದ್ತಾನಲ್ಲ, ನೋಡ್ತಾನೆ ಬಿಡ್ರಿ’. ಕಳೆದ ದಸರಾ ರಜೆಯಲ್ಲಿ ನನ್ನ ಕೈಗೆ ಸಿಕ್ಕಿದ್ದು ಅಪ್ಪನ ಬೈಕು.

ಬೈಕಿಗೆ 14 ವರ್ಷ. ಅಪ್ಪ ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಸೊಪ್ಪಿನ ಗಂಟು ಕಟ್ಟಿಕೊಂಡು ಹರಿಹರದ ಕಡೆಯಿಂದ ದಾವಣಗೆರೆ ಮಾರ್ಕೆಟ್ಟಿಗೆ ಹೋಗುವುದು ಇದರಲ್ಲೇ. ಹಿಂದಿನ ಇಂಡಿಕೇಟರ್‌ಗಳು ಎಷ್ಟು ಮಂಕಾಗಿದ್ದವೆಂದರೆ, ಕತ್ತಲಲ್ಲಿ ಹಿಂದೆ ಬರುವವನಿಗೆ ಕಂಡರೆ ಪುಣ್ಯ. ಎಲ್‌ಇಡಿ ಹಾಕಿದರೆ ಬೆಳಕೂ ಜಾಸ್ತಿ, ಹಳೆಯ ಬ್ಯಾಟರಿಗೆ ಭಾರವೂ ಕಡಿಮೆ ಅಂತ ಲೆಕ್ಕ ಹಾಕಿ ಹಿಂದಿನ ಎರಡು ಬಲ್ಬ್ ಬದಲಿಸಿದೆ. ಮುಂದಿನವು ಚೆನ್ನಾಗಿಯೇ ಇದ್ದವು, ಜೇಬಿನಲ್ಲಿ ದುಡ್ಡೂ ಅಷ್ಟೇ ಇತ್ತು.

ಸ್ವಿಚ್ ಒತ್ತಿದೆ. ಬೆಳಕು ಝಗ್ಗೆಂದಿತು. ಆದರೆ ‘ಟಿಕ್... ಟಿಕ್...’ ಅನ್ನಬೇಕಾದ ಇಂಡಿಕೇಟರ್ ‘ಟಿಕಟಿಕಟಿಕಟಿಕ’ ಅಂತ ಓಡತೊಡಗಿತು. ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು ಎಣಿಸಿದೆ. 15 ಸೆಕೆಂಡಿಗೆ 40 ಸಲ, ಅಂದರೆ ನಿಮಿಷಕ್ಕೆ 160. ಗೆಳೆಯನೊಬ್ಬ ನೋಡಿ ‘ಸಖತ್ತಾಗೈತಲೇ, ಹಂಗೇ ಬಿಡು’ ಅಂದ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಹೇಳುವ ಪ್ರಕಾರ ಇಂಡಿಕೇಟರ್ ಹಳದಿ ಮಿಶ್ರಿತ ಕಿತ್ತಳೆ ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆ ಇಲ್ಲದಂತೆ, 120 ಮೀರದಂತೆ ಮಿನುಗಬೇಕು. ನಮ್ಮ ಬೈಕು ಆ ಗೆರೆಯನ್ನು ಯಾವಾಗಲೋ ದಾಟಿಯಾಗಿತ್ತು.

ಬಲ್ಬೇ ಸರಿಯಿಲ್ಲ ಎಂದುಕೊಂಡು ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಬಲ್ಬ್ ಮುಟ್ಟಲೂ ಇಲ್ಲ. ‘ತಮ್ಮಾ, ಬಲ್ಬ್ ಹೋದ್ರೆ ಇಂಡಿಕೇಟರ್ ಏನ್ ಮಾಡ್ತತಿ?’ ಅಂತ ಕೇಳಿದ. ‘ಜೋರಾಗಿ ಬಡ್ಕೊಳ್ತತಿ ಅಣ್ಣಾ’ ಅಂದೆ. ‘ಹಂಗಾದ್ರೆ ನಿನ್ ಗಾಡಿಗೆ ಬಲ್ಬ್ ಹೋಗೈತಿ ಅಂತ ಅನ್ಸೈತಿ. ರಿಲೇ ನೋಡು’ ಅಂದವನೇ ತನ್ನ ಕೆಲಸಕ್ಕೆ ತಿರುಗಿದ.

ನನಗೆ ನಾಚಿಕೆಯಾಯಿತು. ಇಲೆಕ್ಟ್ರಾನಿಕ್ಸ್ ಬ್ರಾಂಚ್, ಐದನೇ ಸೆಮಿಸ್ಟರ್. ಓಮ್‌ನ ನಿಯಮದ ಮೇಲೆ ಎಷ್ಟು ಲೆಕ್ಕ ಬಿಡಿಸಿದ್ದೇನೋ! ಪುಸ್ತಕದಲ್ಲಿದ್ದ ರೆಸಿಸ್ಟರಿಗೂ ಸೀಟಿನ ಕೆಳಗಿದ್ದ ಆ ಪುಟ್ಟ ಡಬ್ಬಿಗೂ ಸಂಬಂಧ ಇದೆ ಅಂತ ಮಾತ್ರ ಹೊಳೆದಿರಲಿಲ್ಲ.

ಲೆಕ್ಕ ಸರಳ. ಮಾಮೂಲಿ ಬೈಕಿನ ಇಂಡಿಕೇಟರ್ ಬಲ್ಬ್ 12 ವೋಲ್ಟ್, 10 ವಾಟ್. ಒಂದು ಕಡೆಗೆ ಮುಂದೊಂದು, ಹಿಂದೊಂದು ಸೇರಿ 20 ವಾಟ್. ಅಂದರೆ ಸುಮಾರು 1.7 ಆಂಪಿಯರ್ ಕರೆಂಟ್. ಈ ಕರೆಂಟ್ ಹೋಗುವುದು ಫ್ಲ್ಯಾಶರ್ ರಿಲೇ ಮೂಲಕ. ರಿಲೇ ಬರೀ ಆನ್-ಆಫ್ ಮಾಡುವುದಿಲ್ಲ, ಎಷ್ಟು ಕರೆಂಟ್ ಹರಿಯುತ್ತಿದೆ ಎಂದೂ ಗಮನಿಸುತ್ತಿರುತ್ತದೆ. ಒಂದು ಬಲ್ಬ್ ಸುಟ್ಟುಹೋದರೆ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ. ಆಗ ಸವಾರನಿಗೆ ಗೊತ್ತಾಗಲಿ ಅಂತಲೇ ಅದು ವೇಗ ಹೆಚ್ಚಿಸುತ್ತದೆ. ನಾನು ಹಾಕಿದ ಎಲ್‌ಇಡಿ ಎಳೆಯುವುದು ಒಂದು ವಾಟ್ ಆಸುಪಾಸು. ಮುಂದಿನ ಬಲ್ಬಿನ 10 ಸೇರಿದರೂ 11. ರಿಲೇ ಪಾಲಿಗೆ ಹಿಂದಿನ ಬಲ್ಬ್ ಸತ್ತಿದೆ! ಅದು ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡುತ್ತಿತ್ತು.

ಕಾರಣ ಗೊತ್ತಾಯಿತಲ್ಲ, ಇನ್ನೇನು? ಕಡಿಮೆಯಾದ ಕರೆಂಟನ್ನು ಬೇರೆ ದಾರಿಯಲ್ಲಿ ಹರಿಸಿದರಾಯಿತು. ಎಲ್‌ಇಡಿಗೆ ಸಮಾನಾಂತರವಾಗಿ 15 ಓಮ್‌ನ ರೆಸಿಸ್ಟರ್ ಹಾಕಿದರೆ 12 ವೋಲ್ಟಿಗೆ ಒಂಬತ್ತೂವರೆ ವಾಟ್ ಚಿಲ್ಲರೆ ಎಳೆಯುತ್ತದೆ. ಕಳೆದುಹೋದ ಬಲ್ಬ್ ವಾಪಸ್ ಬಂದಂತೆ! 10 ವಾಟಿನ ಎರಡು ಸೆರಾಮಿಕ್ ರೆಸಿಸ್ಟರ್ ತಂದು, ಬೆಸುಗೆ ಹಾಕಿ, ಪ್ಲಾಸ್ಟಿಕ್ ಸೈಡ್ ಕವರಿನೊಳಗೆ ವೈರಿನ ಕಟ್ಟಿಗೆ ಸೇರಿಸಿ ಟೇಪ್ ಸುತ್ತಿದೆ. ಇಂಡಿಕೇಟರ್ ಸಾಧುವಾಯಿತು. ನಾನು ಕಾಲರ್ ಎತ್ತಿದೆ.

ಮರುದಿನ ಮಾರ್ಕೆಟ್ಟಿನಿಂದ ಬಂದ ಅಪ್ಪ ಬೈಕ್ ನಿಲ್ಲಿಸುತ್ತಲೇ ‘ಏನೋ ಸುಟ್ಟ ವಾಸನೆ’ ಅಂದರು. ಅಪ್ಪನಿಗೆ ತಿರುಗಿದ ಮೇಲೆ ಇಂಡಿಕೇಟರ್ ಆಫ್ ಮಾಡುವ ಅಭ್ಯಾಸ ಕಡಿಮೆ. ಅರ್ಧ ದಾರಿ ಅದು ಮಿನುಗುತ್ತಲೇ ಬಂದಿದೆ. ಕವರ್ ಬಿಚ್ಚಿದರೆ ಟೇಪ್ ಕರಗಿ ಅಂಟಾಗಿತ್ತು, ಪಕ್ಕದ ವೈರಿನ ಹೊದಿಕೆ ಮೆತ್ತಗಾಗಿತ್ತು. ಇಂಜಿನ್ ಓಡುವಾಗ ಬ್ಯಾಟರಿ 14 ವೋಲ್ಟ್ ಹತ್ತಿರ ಇರುತ್ತದೆ, ಆಗ ಅದೇ ರೆಸಿಸ್ಟರ್ 13 ವಾಟ್ ಎಳೆಯುತ್ತದೆ. ಅರ್ಧ ಹೊತ್ತು ಆಫ್ ಇರುತ್ತದೆ ನಿಜ, ಆದರೂ ಗಾಳಿಯಾಡದ ಜಾಗದಲ್ಲಿ ಅಷ್ಟು ಶಾಖ ಎಲ್ಲಿಗೆ ಹೋಗಬೇಕು? ರೆಸಿಸ್ಟರ್ ಹಾಕುವುದೇ ಆದರೆ ಅಲ್ಯುಮಿನಿಯಂ ಹೊದಿಕೆಯದನ್ನು, ಹೆಚ್ಚು ವಾಟಿನದನ್ನು ತಂದು ಲೋಹದ ಚಾಸಿಸ್‌ಗೆ ಸ್ಕ್ರೂ ಹಾಕಿ ಬಿಗಿಯಬೇಕು. ಪ್ಲಾಸ್ಟಿಕ್ಕಿಗೂ ವೈರಿಗೂ ತಾಗಬಾರದು. ಅದಕ್ಕಿಂತ ದೊಡ್ಡ ತಮಾಷೆ ಎಂದರೆ, ಎಲ್‌ಇಡಿಯಿಂದ ಉಳಿಸಿದ ಕರೆಂಟನ್ನೆಲ್ಲ ನಾನು ರೆಸಿಸ್ಟರಿನಲ್ಲಿ ಸುಡುತ್ತಿದ್ದೆ. ಬ್ಯಾಟರಿಗೆ ಏನು ಲಾಭ?

ಸರಿಯಾದ ದಾರಿ ರಿಲೇಯನ್ನೇ ಬದಲಿಸುವುದು. ಎಲ್‌ಇಡಿಗೆಂದೇ ಬರುವ ಇಲೆಕ್ಟ್ರಾನಿಕ್ ರಿಲೇ ಒಳಗಿನ ಸರ್ಕ್ಯೂಟಿನ ಲೆಕ್ಕದಲ್ಲಿ ಮಿನುಗಿಸುತ್ತದೆ, ಎಷ್ಟು ಕರೆಂಟ್ ಹರಿದರೂ ಅದರ ವೇಗ ಒಂದೇ. ನಮ್ಮ ಹಳೆಯ ರಿಲೇಗೆ ಎರಡು ಪಿನ್, ಹೊಸದಕ್ಕೆ ಮೂರು. ‘ಬಿ’ ಬ್ಯಾಟರಿಯಿಂದ ಬರುವ ವೈರಿಗೆ, ‘ಎಲ್’ ಇಂಡಿಕೇಟರ್ ಸ್ವಿಚ್ಚಿಗೆ, ‘ಇ’ ಅರ್ತ್‌ಗೆ, ಅಂದರೆ ಚಾಸಿಸ್‌ಗೆ. ಪಿನ್ನುಗಳ ಜಾಗ ಎಲ್ಲ ರಿಲೇಗಳಲ್ಲಿ ಒಂದೇ ಥರ ಇರುವುದಿಲ್ಲ. ಮೇಲೆ ಅಚ್ಚಾದ ಅಕ್ಷರ ನೋಡಿಯೇ ಜೋಡಿಸಬೇಕು.

ರೆಸಿಸ್ಟರ್ ಕಿತ್ತು ರಿಲೇ ಹಾಕಿದೆ. ಇನ್ನು ಕರೆಂಟಿನ ಚಿಂತೆ ಇಲ್ಲವಲ್ಲ ಎಂದು ಮುಂದಿನ ಎರಡು ಬಲ್ಬನ್ನೂ ಎಲ್‌ಇಡಿ ಮಾಡಿದೆ. ಬಲಗಡೆ ಸ್ವಿಚ್ ಹಾಕಿ, ಬೈಕಿನ ಬಲಗಡೆ ನಿಂತು ಎಣಿಸಿದೆ. 15 ಸೆಕೆಂಡಿಗೆ 21, ನಿಮಿಷಕ್ಕೆ 84. ಮೀಟರಿನಲ್ಲಿರುವ ಬಾಣದ ದೀಪ ಸ್ವಲ್ಪ ಮಂಕಾಗಿದ್ದಂತೆ ಕಂಡಿತು. ಹಳೆ ಗಾಡಿ, ಇರಲಿ ಬಿಡು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅಪ್ಪ ತಡವಾಗಿ ಬಂದರು. ಮೊಣಕೈ ತರಚಿತ್ತು, ಸೊಪ್ಪಿನ ಗಂಟಿನ ಹಗ್ಗ ಹರಿದಿತ್ತು. ಅಮ್ಮ ಗಾಬರಿಯಾಗಿ ಕೇಳಿದಾಗ ‘ಏನಿಲ್ಲ, ಗೂಡ್ಸ್ ಆಟೊ ತಾಗ್ತು’ ಅಂದರಷ್ಟೆ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. ಮಾರ್ಕೆಟ್ಟಿನ ಕಡೆ ಬಲಕ್ಕೆ ತಿರುಗಬೇಕಿತ್ತು. ಇಂಡಿಕೇಟರ್ ಹಾಕಿ ನಿಧಾನವಾಗಿ ಎಳೆದಿದ್ದಾರೆ. ಹಿಂದಿದ್ದ ಆಟೊ ಬಲಗಡೆಯಿಂದಲೇ ಮುಂದೆ ನುಗ್ಗಿದೆ. ಗಂಟಿಗೆ ತಾಗಿ ಅಪ್ಪ ಬೈಕ್ ಸಮೇತ ವಾಲಿದ್ದಾರೆ. ‘ಇಂಡಿಕೇಟರ್ ಹಾಕೀನಿ, ಕಾಣಲ್ವೇನಪ್ಪ ಅಂತ ಬೈದೆ. ಅವನು, ಎರಡೂ ಕಡೆ ಮಿಣಮಿಣ ಅಂತೈತಿ, ಎತ್ತ ಹೋಗ್ತೀಯಣ್ಣ ಅಂತ ನನ್ನನ್ನೇ ಕೇಳ್ದ ಕಣೋ.’

ನಾನು ಅಂಗಳಕ್ಕೆ ಓಡಿ ಸ್ವಿಚ್ ಒತ್ತಿ ಹಿಂದೆ ಬಂದು ನಿಂತೆ. ನಾಲ್ಕೂ ದೀಪ ಒಟ್ಟಿಗೆ ಮಿನುಗುತ್ತಿದ್ದವು. ನಮ್ಮ ರಸ್ತೆಗಳಲ್ಲಿ ಹಜಾರ್ಡ್ ಲೈಟ್ ಹಾಕಿಕೊಂಡು ‘ನೇರ ಹೋಗ್ತೀನಿ’ ಅಂತ ಹೇಳುವ ತಪ್ಪು ಅಭ್ಯಾಸ ಎಷ್ಟೋ ಜನಕ್ಕಿದೆ. ಆಟೊದವನು ಹಾಗೆಯೇ ಅಂದುಕೊಂಡಿದ್ದ. ಹಿಂದಿನ ಸಂಜೆ ನಾನು ಎಡಗಡೆಗೆ ನಾಲ್ಕು ಹೆಜ್ಜೆ ಹೋಗಿ ನೋಡಿದ್ದರೆ ಸಾಕಿತ್ತು.

ಅಂದು ಮಧ್ಯಾಹ್ನವೆಲ್ಲ ವೈರಿಂಗ್ ಹಿಂದೆ ಬಿದ್ದೆ. ತಪ್ಪು ಇದ್ದದ್ದು ಆ ಮಂಕು ಬಾಣದ ದೀಪದಲ್ಲಿ. ಎಡಕ್ಕೂ ಬಲಕ್ಕೂ ಸೇರಿ ಒಂದೇ ದೀಪ ಇರುವ ಮೀಟರುಗಳಲ್ಲಿ ಅದಕ್ಕೆ ಪ್ರತ್ಯೇಕ ಅರ್ತ್ ಇರುವುದಿಲ್ಲ. ಅದರ ಒಂದು ತುದಿ ಎಡಗಡೆಯ ವೈರಿಗೆ, ಇನ್ನೊಂದು ಬಲಗಡೆಯ ವೈರಿಗೆ. ಬಲ ಇಂಡಿಕೇಟರ್ ಹಾಕಿದಾಗ ಕರೆಂಟ್ ಬಾಣದ ದೀಪ ದಾಟಿ, ಎಡಗಡೆಯ ಬಲ್ಬುಗಳ ಮೂಲಕ ಅರ್ತ್ ಸೇರುತ್ತದೆ. ಹಳೆಯ ತಂತಿ ಬಲ್ಬುಗಳಿಗೆ ಅಷ್ಟು ಚೂರು ಕರೆಂಟ್ ಯಾವ ಮೂಲೆಗೂ ಸಾಲದು, ಅವು ಹೊತ್ತಿಕೊಳ್ಳುವುದೇ ಇಲ್ಲ. ಎಲ್‌ಇಡಿಗೆ ಅದೇ ಹೊಟ್ಟೆ ತುಂಬ ಊಟ! ಮೊದಲು ಮುಂದಿನ ತಂತಿ ಬಲ್ಬುಗಳು ಇದ್ದಾಗ ಆ ಕರೆಂಟ್ ಅವುಗಳಲ್ಲೇ ಹಾದುಹೋಗುತ್ತಿತ್ತು. ಅವನ್ನೂ ನಾನು ತೆಗೆದ ದಿನವೇ ಈ ರೋಗ ಶುರುವಾಗಿದ್ದು.

ಮದ್ದು ಕೆಲವೇ ರೂಪಾಯಿಯದು. ಎರಡು 1ಎನ್4007 ಡಯೋಡ್. ಬಾಣದ ದೀಪಕ್ಕೆ ಬರುತ್ತಿದ್ದ ಎರಡೂ ವೈರ್ ಬಿಡಿಸಿ, ಒಂದೊಂದಕ್ಕೆ ಒಂದೊಂದು ಡಯೋಡ್ ಬೆಸೆದೆ. ಬೆಳ್ಳಿ ಗೆರೆಯಿರುವ ತುದಿಗಳೆರಡನ್ನೂ ಸೇರಿಸಿ ದೀಪದ ಒಂದು ಬದಿಗೆ ಕೊಟ್ಟೆ, ದೀಪದ ಇನ್ನೊಂದು ಬದಿಯನ್ನು ಚಾಸಿಸ್‌ಗೆ ಅರ್ತ್ ಮಾಡಿದೆ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಹೀಗಾಗಿ ಎಡದಿಂದಲೂ ಬಲದಿಂದಲೂ ದೀಪಕ್ಕೆ ಕರೆಂಟ್ ಬರುತ್ತದೆ, ಆದರೆ ಒಂದು ಕಡೆಯದು ಇನ್ನೊಂದು ಕಡೆಗೆ ದಾಟುವುದಿಲ್ಲ. ಎರಡನೇ ಸೆಮಿಸ್ಟರಿನಲ್ಲಿ ಲ್ಯಾಬ್ ರೆಕಾರ್ಡಿನಲ್ಲಿ ಗ್ರಾಫ್ ಎಳೆದು ಸಹಿ ಹಾಕಿಸಿಕೊಂಡ ಅದೇ ಡಯೋಡ್. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಅಪ್ಪನ ಮೊಣಕೈ ಬೇಕಾಯಿತು.

ನೀವೂ ಬೈಕಿಗೆ ಎಲ್‌ಇಡಿ ಹಾಕುವ ಯೋಚನೆಯಲ್ಲಿದ್ದರೆ ಇಷ್ಟು ನೆನಪಿಡಿ. ಬಿಳಿ ಎಲ್‌ಇಡಿ ಬೇಡ, ಕಿತ್ತಳೆ ಬಣ್ಣದ್ದೇ ಇರಲಿ. ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವಂಥದ್ದನ್ನು ಆರಿಸಿ, ಒಂದೇ ಕಡೆ ಮುಖ ಮಾಡಿರುವ ಬಲ್ಬ್ ಪಕ್ಕದಿಂದ ಬರುವವನಿಗೆ ಕಾಣುವುದಿಲ್ಲ. ಗಾಡಿ ಹೊಸದಾಗಿದ್ದು ವಾರಂಟಿ ಇದ್ದರೆ ವೈರಿಗೆ ಕೈ ಹಾಕುವ ಮೊದಲು ಸರ್ವೀಸ್ ಸೆಂಟರಿನಲ್ಲಿ ಕೇಳಿ. ಈಗಿನ ಎಷ್ಟೋ ಕಾರುಗಳಲ್ಲಿ ಬಿಡಿ ರಿಲೇಯೇ ಇಲ್ಲ, ಆ ಕೆಲಸವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಅಲ್ಲಿ ಈ ಉಪಾಯ ನಡೆಯದು.

ಇನ್ನೊಂದು ಮುಖ್ಯ ವಿಷಯ. ಹೊಸ ರಿಲೇ ಹಾಕಿದ ಮೇಲೆ ನಮ್ಮ ಬೈಕಿಗೆ ಬಡಬಡಿಸುವ ಅಭ್ಯಾಸ ತಪ್ಪಿದೆ. ಅಂದರೆ ನಾಳೆ ಹಿಂದಿನ ಒಂದು ಎಲ್‌ಇಡಿ ನಿಜವಾಗಿಯೂ ಸತ್ತರೂ ಅದು ಹೇಳುವುದಿಲ್ಲ, ಮುಂದಿನದನ್ನು ಅದೇ ವೇಗದಲ್ಲಿ ಮಿನುಗಿಸುತ್ತಾ ಸುಮ್ಮನಿರುತ್ತದೆ. ನನಗೆ ಕಿರಿಕಿರಿ ಎನಿಸಿದ ಆ ಟಿಕಟಿಕ ಒಂದು ಎಚ್ಚರಿಕೆಯಾಗಿತ್ತು. ಅದನ್ನು ನಾನು ತೆಗೆದುಹಾಕಿದ್ದೇನೆ, ಹಾಗಾಗಿ ಆ ಕೆಲಸ ಈಗ ನನ್ನದೇ.

ಊರಿಗೆ ಹೋದಾಗಲೆಲ್ಲ ಸಂಜೆ ಅಪ್ಪ ಬೈಕ್ ಮೇಲೆ ಕೂತು ಎಡ, ಬಲ ಅಂತ ಸ್ವಿಚ್ ಹಾಕುತ್ತಾರೆ. ನಾನು ಸುತ್ತ ಒಂದು ಪ್ರದಕ್ಷಿಣೆ ಬರುತ್ತೇನೆ. ನಾನಿಲ್ಲದ ವಾರಗಳಲ್ಲಿ ಆ ಡ್ಯೂಟಿ ಅಮ್ಮನದು. ‘ಸರಿ ಐತಿ’ ಅಂದರೂ ಅಪ್ಪನಿಗೆ ಸಮಾಧಾನವಿಲ್ಲ. ‘ಆ ಕಡೆನೂ ಹೋಗಿ ನೋಡಿದಿಯೇನೋ?’ ಅಂತ ಕೇಳಿಯೇ ಇಳಿಯುತ್ತಾರೆ.