ಲಕ್ವ ಹೊಡೆದ ಕೈ, ಹಿಡಿದುಕೊಂಡ ಸೊಂಟ

ಅಡಿಕೆ ಸುಲಿಗೆ ಶುರುವಾದರೆ ಚನ್ನಗಿರಿ, ನ್ಯಾಮತಿ ಕಡೆಯ ಹೆಂಗಸರು ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ಕೂರುತ್ತಾರೆ. ಹೊನ್ನಾಳಿಯ ಗದ್ದೆಯಲ್ಲಿ ನಾಟಿಗೆ ಬಗ್ಗಿದ ಬೆನ್ನು ಬೇಗ ಏಳುವುದಿಲ್ಲ. ಸೊಂಟ ಹಿಡಿದುಕೊಂಡಿತೋ, ಮನೆಯವರು ಹೇಳುವುದು ಒಂದೇ ಮಾತು: 'ಹದಿನೈದು ದಿನ ಹಾಸಿಗೆ ಬಿಟ್ಟು ಏಳಬೇಡ.' ಇದು ತಪ್ಪು. ಸಾಮಾನ್ಯ ಸೊಂಟನೋವಿನಲ್ಲಿ ಮಲಗಿದಷ್ಟೂ ಸ್ನಾಯು ಸೊರಗುತ್ತದೆ. ತಡೆದುಕೊಳ್ಳುವಷ್ಟು ಓಡಾಡುತ್ತಿದ್ದರೆ ಬೇಗ ಗುಣವಾಗುತ್ತದೆ. ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ಎಂಆರ್‌ಐಯಲ್ಲಿ 'ಡಿಸ್ಕ್ ಸವೆದಿದೆ' ಎಂದು ಬಂದರೆ ಎದೆಗುಂದಬೇಡಿ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯಲ್ಲಿ 20 ವರ್ಷದವರಲ್ಲೇ ಶೇ 37ರಷ್ಟು, 80 ವರ್ಷದವರಲ್ಲಿ ಶೇ 96ರಷ್ಟು ಮಂದಿಗೆ ಸವೆತವಿತ್ತು.

ಫಿಸಿಯೋಥೆರಪಿ ಅಂದರೆ 'ಕರೆಂಟ್ ಇಡೋದು' ಎಂಬ ನಂಬಿಕೆಯಂತೂ ಬಹಳ ಗಟ್ಟಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆಂದೇ ಮಾರ್ಗಸೂಚಿ ಹೊರಡಿಸಿತು. ಟೆನ್ಸ್ (ಈ 'ಕರೆಂಟ್' ಚಿಕಿತ್ಸೆ), ಅಲ್ಟ್ರಾಸೌಂಡ್ ಚಿಕಿತ್ಸೆ, ಟ್ರ್ಯಾಕ್ಷನ್ (ಸೊಂಟ ಎಳೆಯುವುದು), ಸೊಂಟದ ಬೆಲ್ಟನ್ನು ವಾಡಿಕೆಯಾಗಿ ಬಳಸುವುದು ಬೇಡ ಎಂದ ಅದು, ವ್ಯಾಯಾಮ ಮತ್ತು ತಿಳಿವಳಿಕೆಗೆ ಒತ್ತು ಕೊಟ್ಟಿದೆ. ಯಂತ್ರ ಹಚ್ಚದೆ ವ್ಯಾಯಾಮ ಕಲಿಸಿ ಕಳಿಸಿದವರನ್ನು 'ಏನೂ ಮಾಡಲಿಲ್ಲ' ಎಂದು ದೂರುವುದು ಅನ್ಯಾಯ. ಅವರೇ ನಿಜವಾದ ಚಿಕಿತ್ಸೆ ಕೊಟ್ಟವರು.

ಇಂಥ ತಪ್ಪು ನಂಬಿಕೆಗಳಿಂದ ಎಲ್ಲಕ್ಕಿಂತ ಹೆಚ್ಚು ಹಾನಿ ಆಗುತ್ತಿರುವುದು ಲಕ್ವದಲ್ಲಿ. ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದಾಗ ಪಾರಿವಾಳದ ರಕ್ತ ಹಚ್ಚುವವರು, ನಾಟಿ ಔಷಧಿ ಹುಡುಕಿಕೊಂಡು ಹೊರಡುವವರು ಇನ್ನೂ ಇದ್ದಾರೆ. ಲಕ್ವ ಮಿದುಳಿನ ರಕ್ತನಾಳದ ಕಾಯಿಲೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಜಗಳೂರಿನ ಹಳ್ಳಿಯಿಂದ ದಾವಣಗೆರೆ ಮುಟ್ಟುವುದಕ್ಕೇ ಅದರಲ್ಲಿ ಎಷ್ಟೋ ಹೊತ್ತು ಹೋಗುತ್ತದೆ. ರಕ್ತ ಹಚ್ಚುತ್ತಾ ಕೂರಲು ಸಮಯವೆಲ್ಲಿದೆ?

'ಸ್ವಲ್ಪ ಶಕ್ತಿ ಬರಲಿ, ಆಮೇಲೆ ವ್ಯಾಯಾಮ' ಎಂದು ತಿಂಗಳುಗಟ್ಟಲೆ ಕಾಯುವುದೂ ತಪ್ಪೇ. ರೋಗಿಯ ಸ್ಥಿತಿ ಸ್ಥಿರವಾದ ಒಂದೆರಡು ದಿನಕ್ಕೇ ಕೂರಿಸುವ, ನಿಲ್ಲಿಸುವ ಅಭ್ಯಾಸ ಶುರುವಾಗಬೇಕು. ಇಲ್ಲಿ ಲಕ್ವ ಹೊಡೆದ ಕಡೆಯ ಭುಜದ ಮೇಲೆ ಕಣ್ಣಿರಲಿ. ಸೋತ ಸ್ನಾಯುಗಳು ಕೀಲನ್ನು ಬಿಗಿಯಾಗಿ ಹಿಡಿದಿರುವುದಿಲ್ಲ. ಆ ಕೈ ಹಿಡಿದೆಳೆದು ಎಬ್ಬಿಸಿದರೆ, ಎಣ್ಣೆ ಹಚ್ಚಿ ಜೋರಾಗಿ ತಿರುಚಿದರೆ ಭುಜ ಜಾರಿ, ತೀರದ ನೋವು ಅಂಟಿಕೊಳ್ಳುತ್ತದೆ. ಕಂಕುಳಲ್ಲೂ ಹಿಡಿದೆತ್ತದೆ, ಬೆನ್ನು ಮತ್ತು ಸೊಂಟಕ್ಕೆ ಆಸರೆ ಕೊಟ್ಟು ಎಬ್ಬಿಸಿ. ಸ್ಪಂಜಿನ ಚೆಂಡು ಹಿಸುಕಿಸುವುದೂ ಎಲ್ಲರಿಗೂ ಸರಿಯಲ್ಲ. ಬೆರಳು ಮುಷ್ಟಿಯಾಗಿ ಬಿಗಿದವರಿಗೆ ಬೇಕಾದದ್ದು ಕೈ ಬಿಚ್ಚುವ ಅಭ್ಯಾಸ: ಅಂಗೈ ಚಾಚಿ ಮಣೆಯ ಮೇಲೆ ಊರುವುದು, ಲೋಟ ಹಿಡಿದು ಬಿಡುವುದು, ದಿನಕ್ಕೆ ಹಲವು ಸಲ.

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಅಂಗವಿಕಲರ ಪುನರ್ವಸತಿಗೆಂದೇ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ. ಆದರೆ ದಿನವೂ ಬಸ್ಸಿನಲ್ಲಿ ಹೋಗಿಬರುವುದು ಆಗದ ಮಾತು. ಆದ್ದರಿಂದ ಮೊದಲ ಭೇಟಿಗೆ ರೋಗಿಯ ಜೊತೆ ಅವರನ್ನು ನೋಡಿಕೊಳ್ಳುವ ಸೊಸೆಯೋ ಮಗನೋ ಹೋಗಬೇಕು. ಮಗ್ಗುಲು ಬದಲಿಸುವುದು, ಕೂರಿಸುವುದು, ಕೈ ಆಡಿಸುವುದು ಹೇಗೆಂದು ಅಲ್ಲೇ ತಾವು ಮಾಡಿ ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಂಡು ಬರಬೇಕು.