ಬರೆದುಕೊಟ್ಟ ಮಾತು ಮತ್ತು ಓದುವವನ ಸಾಕ್ಷ್ಯ

2018ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಹತ್ತಾರು ನಗರಗಳ ಸ್ಥಳೀಯ ಟೆಲಿವಿಷನ್ ಕೇಂದ್ರಗಳಲ್ಲಿ ವಾರ್ತಾವಾಚಕರು ಒಂದೇ ಬರಹವನ್ನು ಓದಿದರು. ಸುಳ್ಳುಸುದ್ದಿ ಎಲ್ಲೆಡೆ ಹಬ್ಬುತ್ತಿದೆ, ಅದು ಪ್ರಜಾಪ್ರಭುತ್ವಕ್ಕೆ ಅಪಾಯಕರ ಎಂಬುದು ಅದರ ಸಾರ. ಅದನ್ನು ಕಳುಹಿಸಿದ್ದು ಆ ಕೇಂದ್ರಗಳ ಒಡೆತನ ಹೊಂದಿದ್ದ, ಮೇರಿಲ್ಯಾಂಡ್ ರಾಜ್ಯದ ಸಿಂಕ್ಲೇರ್ ಬ್ರಾಡ್‌ಕಾಸ್ಟ್ ಗ್ರೂಪ್. ತಿಂಗಳ ಕೊನೆಯಲ್ಲಿ ಡೆಡ್‌ಸ್ಪಿನ್ ಎಂಬ ಜಾಲತಾಣವು ಆ ದೃಶ್ಯಗಳನ್ನು ಒಟ್ಟಾಗಿ ಜೋಡಿಸಿ ತೋರಿಸಿದಾಗಲೇ ದೇಶವು ಸಂಗತಿಯನ್ನು ಗಮನಿಸಿತು.

ಇದನ್ನು ‘ಸುಳ್ಳು’ ಎಂದು ಕರೆದು ಮುಗಿಸುವಂತಿಲ್ಲ. ಸುಳ್ಳುಸುದ್ದಿ ಹಬ್ಬುತ್ತಿದ್ದುದು ನಿಜವೇ. ಕಂಪನಿಯೂ ತನ್ನ ಬರಹವನ್ನು ಆ ನೆಲೆಯಲ್ಲಿಯೇ ಸಮರ್ಥಿಸಿಕೊಂಡಿತು. ತೊಡಕಿರುವುದು ‘ನಮಗೆ ಕಳವಳವಾಗಿದೆ’ ಎಂಬ ಅರ್ಥದ ಮಾತಿನಲ್ಲಿ. ಆ ‘ನಾವು’ ಯಾರು? ವೀಕ್ಷಕರಿಗೆ ಅದು ತಮ್ಮೂರಿನ ಸುದ್ದಿಮನೆಯ ಸ್ವರ. ಬಿರುಗಾಳಿಯ ಮುನ್ನೆಚ್ಚರಿಕೆಯನ್ನೂ ಶಾಲೆಗಳ ರಜೆಯನ್ನೂ ವರ್ಷಗಟ್ಟಲೆ ತಿಳಿಸುತ್ತ ಬಂದ ಮುಖವನ್ನು ಅವರು ನಂಬುತ್ತಾರೆ. ಆ ನಂಬಿಕೆ ಕಂಪನಿಯು ಕೊಂಡ ಸ್ವತ್ತಲ್ಲ; ವಾಚಕನ ಸ್ವಂತದ್ದೂ ಅಲ್ಲ. ಅದು ನೆರೆಯವರು ಅವನ ವಶಕ್ಕೆ ಒಪ್ಪಿಸಿದ್ದು. ದಶಾಜ್ಞೆಗಳಲ್ಲಿ ಸುಳ್ಳುಸಾಕ್ಷಿಯ ನಿಷೇಧವು ವಾಕ್ಯದ ನಿಜಾಂಶವನ್ನಷ್ಟೇ ಅಲ್ಲ, ಸಾಕ್ಷಿ ನುಡಿಯುವವನ ನಿಲುವನ್ನೂ ಪ್ರಶ್ನಿಸುತ್ತದೆ. ಬೇರೊಬ್ಬರ ಕಳವಳವನ್ನು ತನ್ನದೆಂದು ನುಡಿಯುವವನು ನಿಜವನ್ನೇ ಹೇಳಿದರೂ ಅವನ ಸಾಕ್ಷ್ಯ ಶುದ್ಧವಲ್ಲ.

ನಾವೂ ಪೀಠದಿಂದ ಬಿಷಪರ ಪತ್ರವನ್ನು ಓದುತ್ತೇವಲ್ಲ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಪತ್ರ ಯಾರದೆಂದು ಮೊದಲೇ ತಿಳಿಸಿ ಓದುತ್ತೇವೆ. ಸಭೆಯು ಅದನ್ನು ಆ ತಿಳಿವಿನಿಂದಲೇ ಕೇಳುತ್ತದೆ.

ಮೂಲವನ್ನು ಮರೆಮಾಡುವುದರ ಅಪಾಯವು ಇನ್ನೊಂದು ಪ್ರಕರಣದಲ್ಲಿ ಸ್ಪಷ್ಟವಾಗುತ್ತದೆ. ಕ್ಯಾನ್ಸರ್ ಸಂಸ್ಥೆಯೊಂದರ ಕುರಿತು ಹಣ ಪಡೆದು ತಯಾರಿಸಿದ, ಸುದ್ದಿಯಂತೆಯೇ ಕಾಣುವ ವರದಿಗಳನ್ನು ಪ್ರಾಯೋಜಕರ ಹೆಸರು ತಿಳಿಸದೆ ಪ್ರಸಾರ ಮಾಡಿದ್ದಕ್ಕಾಗಿ ಅಮೆರಿಕದ ಸಂಪರ್ಕ ಆಯೋಗವು 2017ರಲ್ಲಿ ಇದೇ ಕಂಪನಿಗೆ 1.3 ಕೋಟಿ ಡಾಲರಿಗೂ ಮಿಕ್ಕಿದ ದಂಡವನ್ನು ಪ್ರಸ್ತಾಪಿಸಿತು. 2020ರಲ್ಲಿ ಇತರ ವಿಚಾರಗಳೂ ಸೇರಿ 4.8 ಕೋಟಿ ಡಾಲರಿಗೆ ಅದು ಇತ್ಯರ್ಥವಾಯಿತು. ಇಲ್ಲಿ ವಂಚನೆಗೊಳಗಾಗುವವನು ಎಲ್ಲಿಗೆ ಚಿಕಿತ್ಸೆಗೆ ಹೋಗಲಿ ಎಂದು ತವಕಿಸುವ ರೋಗಿ.

ಹಾಗಾದರೆ ಪತ್ರಕರ್ತನು ರಾಜೀನಾಮೆ ಕೊಡಬೇಕೇ? ಬೋಧಿಸುವುದು ಸುಲಭ. ಅವಧಿಗೆ ಮುನ್ನ ಬಿಟ್ಟುಹೋಗುವ ನೌಕರನು ವಾರ್ಷಿಕ ವೇತನದ ಶೇಕಡಾ 40ರವರೆಗೂ ಕಂಪನಿಗೆ ತೆರಬೇಕಾಗುವ ಕರಾರುಗಳಿದ್ದುದು 2018ರಲ್ಲಿ ವರದಿಯಾಯಿತು. ನೈತಿಕ ದೈವಶಾಸ್ತ್ರದಲ್ಲಿ, ವಿಶೇಷವಾಗಿ 18ನೆಯ ಶತಮಾನದ ಅಲ್ಫೋನ್ಸಸ್ ಲಿಗೋರಿಯ ಚಿಂತನೆಯಲ್ಲಿ, ಪರರ ದುಷ್ಕೃತ್ಯದ ಉದ್ದೇಶಕ್ಕೇ ಒಪ್ಪಿ ಸಹಕರಿಸುವುದಕ್ಕೂ, ಒಪ್ಪದೆ ಕೇವಲ ಕ್ರಿಯೆಯಲ್ಲಿ ನೆರವಾಗುವುದಕ್ಕೂ ಭೇದವಿದೆ. ಕ್ಯಾಮೆರಾ ಹಿಡಿದವನದು ದೂರದ ನೆರವು. ವಾಚಕನದು ತೀರ ಹತ್ತಿರದ್ದು, ಏಕೆಂದರೆ ಅವನ ಮುಖವಿಲ್ಲದೆ ಆ ಬರಹಕ್ಕೆ ಬಲವಿಲ್ಲ. ಒತ್ತಡವು ಅವನ ಅಪರಾಧವನ್ನು ತಗ್ಗಿಸುತ್ತದೆ, ಸಾಕ್ಷ್ಯವನ್ನು ಶುದ್ಧಗೊಳಿಸುವುದಿಲ್ಲ.

1 ಅರಸುಗಳು 22ರಲ್ಲಿ ಮೀಕಾಯೆಹುವನ್ನು ಕರೆಯಲು ಬಂದ ದೂತನು, ಪ್ರವಾದಿಗಳೆಲ್ಲರೂ ಒಂದೇ ಬಾಯಿಂದ ಅರಸನಿಗೆ ಶುಭವನ್ನು ನುಡಿದಿದ್ದಾರೆ, ನೀನೂ ಹಾಗೆಯೇ ನುಡಿ ಎಂದು ಬುದ್ಧಿ ಹೇಳುತ್ತಾನೆ. ಸಾಮಾನ್ಯವಾಗಿ ನಾವು ಮರೆಯುವ ವಿವರವೇನೆಂದರೆ, ಮೀಕಾಯೆಹು ಮೊದಲು ಆ ಮಾತನ್ನೇ ಒಪ್ಪಿಸುತ್ತಾನೆ. ಅದು ಅವನದಲ್ಲವೆಂದು ಅಹಾಬನಿಗೇ ತಿಳಿದುಹೋಗಿ, ನಿಜ ಹೇಳೆಂದು ಗದರಿಸುತ್ತಾನೆ. ಆಮೇಲೆ ಸೆರೆಮನೆ, ಅಳತೆಯ ರೊಟ್ಟಿ, ಅಳತೆಯ ನೀರು. ಪ್ರವಾದಿಯು ಬಿಡುಗಡೆ ಹೊಂದಿದನೋ ಇಲ್ಲವೋ ಗ್ರಂಥವು ತಿಳಿಸುವುದಿಲ್ಲ.

ಇಂಥ ವಾಚಕನು ಸಭಾಪಾಲಕರ ಬಳಿಗೆ ಬಂದಾಗ, ಇರುವುದೋ ಬಿಡುವುದೋ ಎಂಬ ಪ್ರಶ್ನೆಗೆ ಮುಂಚೆ ಕೇಳಬೇಕಾದವು ಬೇರೆ ಇವೆ. ಇದು ಒಡೆಯರ ಸಂದೇಶವೆಂದು ತೆರೆಯ ಮೇಲೆ ಬರೆಯಲು ಕೇಳಿದ್ದಾನೆಯೇ? ಸಹೋದ್ಯೋಗಿಗಳೊಡನೆ ಕೂಡಿ ಆಕ್ಷೇಪಿಸಬಹುದೇ? ವ್ಯವಸ್ಥಾಪಕರೇ ನಿರಾಕರಿಸುವ ಸಾಧ್ಯತೆ ಇದೆಯೇ? ಈ ಕೊನೆಯದು ಬರಿಯ ಕಲ್ಪನೆಯಲ್ಲ: ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ಸಿಂಕ್ಲೇರ್ ಕೇಂದ್ರವು ಆ ಪ್ರಕಟಣೆಯನ್ನು ತನ್ನ ವಾರಾಂತ್ಯದ ರಾತ್ರಿಯ ವಾರ್ತೆಯಲ್ಲಿ ಪ್ರಸಾರ ಮಾಡಲಿಲ್ಲವೆಂದು ತಾನೇ ಬಹಿರಂಗವಾಗಿ ತಿಳಿಸಿತು.